ಗುದ್ದಲಿ ಪೂಜೆಗೆ ಮುಹೂರ್ತ ಉಂಟು, ನೆಲದಡಿ ನೋಡಲು ಪುರುಸೊತ್ತಿಲ್ಲ!



ನಿಮ್ಮ ಬೀದಿಯಲ್ಲಿ ಕೊನೆಯ ಸಲ ಗುದ್ದಲಿ ಪೂಜೆ ಆದದ್ದು ನೆನಪಿದೆಯೇ? ಶಾಮಿಯಾನ ಹಾಕಿದ್ದರು. ಹೊಸ ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ ಹೂವು ಸುತ್ತಿದ್ದರು. ರಾಹುಕಾಲ ಕಳೆಯಲಿ ಎಂದು ಮುಖಂಡರು ಕಾರಿನಲ್ಲೇ ಕೂತಿದ್ದರು. ಆಮೇಲೆ ಇಳಿದರು, ಕಾಯಿ ಒಡೆದರು, ಫೋಟೋಕ್ಕೆ ನಿಂತರು, ಹೊರಟುಹೋದರು. ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯಿತು. ಒಂದೇ ಒಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ಸ್ವಾಮಿ, ಈ ಗುದ್ದಲಿ ಬೀಳುವ ಜಾಗದ ಕೆಳಗೆ ಏನಿದೆ?

ಹಳ್ಳಿಯಲ್ಲಿ ಹುತ್ತ ಕಂಡರೆ ಕೈ ಹಾಕುವ ಮೊದಲು ಚಿಕ್ಕ ಹುಡುಗನೂ ಯೋಚಿಸುತ್ತಾನೆ. ಒಳಗೆ ಏನಿದೆಯೋ ಗೊತ್ತಿಲ್ಲ, ಆದ್ದರಿಂದ ಇದೆ ಎಂದೇ ತಿಳಿ. ಇದು ನಮ್ಮ ಅಜ್ಜಿಯರು ಹೇಳಿಕೊಟ್ಟ ಬುದ್ಧಿ. ಬೆಂಗಳೂರಿನ ರಸ್ತೆ ಇಂದು ಆ ಹುತ್ತಕ್ಕಿಂತ ಕಡಿಮೆಯೇನಿಲ್ಲ. ಆದರೂ ಕೋಟಿಗಟ್ಟಲೆ ಟೆಂಡರ್ ಹಿಡಿದವರು ಹತ್ತು ವರ್ಷದ ಹುಡುಗನಷ್ಟೂ ಯೋಚಿಸದೆ ಜೆಸಿಬಿಯ ಬಕೆಟ್ ಇಳಿಸುತ್ತಾರೆ. ಕೈ ಹಾಕುವವರು ಅವರಲ್ಲವಲ್ಲ! ಹುತ್ತಕ್ಕೆ ಕೈ ಹಾಕುವವನು ಕೂಲಿಯವನು. ಕಚ್ಚಿಸಿಕೊಳ್ಳುವವನೂ ಅವನೇ.

ನಾನು ಎಂಜಿನಿಯರ್ ಅಲ್ಲ. ಪಿಯುಸಿ ಓದಿ ಪ್ರೆಸ್ಸಿಗೆ ಇಳಿದವನು. ನಮ್ಮ ಕಸುಬಿನಲ್ಲಿ ಒಂದು ನಿಯಮ ಇದೆ. ಪ್ರೂಫ್ ನೋಡದೆ ಅಚ್ಚು ಹಾಕಬಾರದು. ಮದುವೆ ಕಾಗದದಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಗಿರಾಕಿ ಅಂಗಡಿಗೇ ಬಂದು ಉಗಿಯುತ್ತಾನೆ. ಒಂದು ಅಕ್ಷರಕ್ಕೇ ಇಷ್ಟು ಲೆಕ್ಕ ಇರುವಾಗ, ಮನುಷ್ಯನ ಪ್ರಾಣ ಹೋಗುವ ಕೆಲಸಕ್ಕೆ ಪ್ರೂಫ್ ಬೇಡವೇ? ಇವತ್ತು ಕೇಳಬೇಕಾದದ್ದು ಇದನ್ನೇ.

ನಮ್ಮ ಕಾಲಡಿ ಏನೇನಿದೆ?

ಈ ಊರಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂದದ್ದು 1896ರಲ್ಲಿ. ಶಿವನಸಮುದ್ರದ ಕರೆಂಟಿನಿಂದ ಬೀದಿ ದೀಪ ಉರಿದದ್ದು 1905ರಲ್ಲಿ. ಕಾವೇರಿ ಮೊದಲನೇ ಹಂತದ ನೀರು ಬಂದದ್ದು 1974ರಲ್ಲಿ, ಐದನೇ ಹಂತ 2024ರ ಅಕ್ಟೋಬರಿನಲ್ಲಿ. ಅಂದರೆ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ನೆಲದೊಳಗೆ ಹೂಳುತ್ತಲೇ ಬಂದಿದ್ದೇವೆ. ಹಳೆಯ ಬೀಡುಕಬ್ಬಿಣದ ಪೈಪು, ಅದರ ಪಕ್ಕ ಒಳಚರಂಡಿ, ಅದರ ಮೇಲೆ ಬೆಸ್ಕಾಂ ಕೇಬಲ್, ಕೆಲವು ಕಡೆ ಕೆಪಿಟಿಸಿಎಲ್‌ನ ಭಾರಿ ವೋಲ್ಟೇಜಿನ ಕೇಬಲ್, ಬಿಎಸ್‌ಎನ್‌ಎಲ್ ತಾಮ್ರದ ತಂತಿ, ಖಾಸಗಿ ಕಂಪನಿಗಳ ಆಪ್ಟಿಕ್ ಫೈಬರ್, ಸಿಗ್ನಲ್ ದೀಪದ ವೈರು, ಈಗ ಮನೆ ಮನೆಗೆ ಹೋಗುವ ಗ್ಯಾಸ್ ಪೈಪು. ಒಂದೊಂದಕ್ಕೆ ಒಬ್ಬೊಬ್ಬ ಯಜಮಾನ. ರಸ್ತೆಗೆ ಇನ್ನೊಬ್ಬ ಯಜಮಾನ. 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆ, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಯಜಮಾನರು ಹೆಚ್ಚಾದರು. ಕೆಳಗೆ ಏನಿದೆ ಎಂದು ಹೇಳುವವರು ಹೆಚ್ಚಾದರೇ?

ಹೂತವನು ಒಬ್ಬ, ಅಗೆಯುವವನು ಇನ್ನೊಬ್ಬ, ಸಾಯುವವನು ಮತ್ತೊಬ್ಬ. ಇದೇ ನಮ್ಮ ನಗರಾಭಿವೃದ್ಧಿ!

ಆಳಕ್ಕೆ ಒಂದು ಲೆಕ್ಕ ಇದೆ. ಭಾರತೀಯ ಮಾನಕ ಐಎಸ್ 1255ರ ಪ್ರಕಾರ ಮನೆಗೆ ಬರುವಂಥ ಕಡಿಮೆ ವೋಲ್ಟೇಜಿನ ಕೇಬಲ್ 75 ಸೆಂಟಿಮೀಟರ್ ಆಳದಲ್ಲಿರಬೇಕು. 11 ಕೆವಿ ಕೇಬಲ್ 90 ಸೆಂಟಿಮೀಟರ್, 33 ಕೆವಿ ಆದರೆ 105 ಸೆಂಟಿಮೀಟರ್. ಮೇಲೆ ಮರಳು, ಅದರ ಮೇಲೆ ಇಟ್ಟಿಗೆಯ ಅಥವಾ ಹೆಂಚಿನ ಸಾಲು. ಪುಸ್ತಕದಲ್ಲಿ ಚೆನ್ನಾಗಿದೆ. ಆದರೆ ರಸ್ತೆಯನ್ನು ಒಮ್ಮೆ ತಗ್ಗಿಸಿದರು, ಒಮ್ಮೆ ಎತ್ತರಿಸಿದರು, ಚರಂಡಿಗಾಗಿ ಅಂಚು ಕೆತ್ತಿದರು. ನಿನ್ನೆ ಮೂರಡಿ ಕೆಳಗಿದ್ದ ಕೇಬಲ್ ಇಂದು ಒಂದಡಿಗೆ ಸಿಕ್ಕರೂ ಆಶ್ಚರ್ಯವಿಲ್ಲ. ಬಂಡೆ ಅಡ್ಡ ಬಂದ ಕಡೆ ಮೇಲೆ ಮೇಲೆಯೇ ಹಾಕಿ ಮಣ್ಣು ಎಳೆದವರೂ ಉಂಟು. ಆದ್ದರಿಂದ ‘ಮೂರಡಿವರೆಗೆ ಭಯವಿಲ್ಲ, ಹೊಡಿ’ ಎನ್ನುವ ಮೇಸ್ತ್ರಿಯ ಮಾತನ್ನು ನಂಬಿದವನು ಕೆಟ್ಟ.

ಇದು ಅಪಘಾತವಲ್ಲ, ಉಳಿತಾಯ!

ಕರೆಂಟ್ ಹರಿಯುವ ಕೇಬಲ್‌ಗೆ ಹಾರೆಯ ತುದಿ ಚುಚ್ಚಿದರೆ ಏನಾಗುತ್ತದೆ ಗೊತ್ತೇ? ಷಾಕ್ ಹೊಡೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಷಾಕ್ ಹೊಡೆಯಬಹುದು. ಆದರೆ ಅದಕ್ಕಿಂತ ಹೆಚ್ಚಾಗಿ ಆಗುವುದು ಸುಟ್ಟಗಾಯ. ತುದಿ ತಾಗಿದ ಜಾಗದಲ್ಲಿ ಬೆಂಕಿಯ ಗೋಳ ಸಿಡಿಯುತ್ತದೆ, ಲೋಹ ಕರಗಿ ಹಾರುತ್ತದೆ. ಬಗ್ಗಿ ಅಗೆಯುತ್ತಿದ್ದವನ ಮುಖ, ಕೈ, ಎದೆ ಒಂದೇ ಕ್ಷಣದಲ್ಲಿ ಬೇಯುತ್ತದೆ. ಕಾಲಿಗೆ ಹವಾಯಿ ಚಪ್ಪಲಿ, ಮೈಮೇಲೆ ಪಾಲಿಯೆಸ್ಟರ್ ಅಂಗಿ. ಅದು ಚರ್ಮಕ್ಕೇ ಅಂಟಿಕೊಳ್ಳುತ್ತದೆ.

ಗ್ಯಾಸ್ ಪೈಪಿನದು ಇನ್ನೊಂದು ಕಥೆ. 2023ರ ಮಾರ್ಚಿನಲ್ಲಿ ನಮ್ಮ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಅಗೆತದ ವೇಳೆ ಗ್ಯಾಸ್ ಪೈಪಿಗೆ ಪೆಟ್ಟು ಬಿದ್ದು ಸ್ಫೋಟವಾಯಿತು, ಜನ ಗಾಯಗೊಂಡರು. ಬೆಲ್ಜಿಯಂನ ಗಿಲೆಂಗಿಯೆನ್‌ನಲ್ಲಿ 2004ರ ಜುಲೈ 30ರಂದು ದೊಡ್ಡ ಗ್ಯಾಸ್ ಕೊಳವೆ ಸಿಡಿದು 24 ಜನ ಸತ್ತರು, 130ಕ್ಕೂ ಹೆಚ್ಚು ಜನ ಗಾಯಗೊಂಡರು. ಆ ಕೊಳವೆಗೆ ಪೆಟ್ಟು ಬಿದ್ದದ್ದು ಅಂದೇ ಅಲ್ಲ. ಅದಕ್ಕೂ ಮೊದಲು ನಡೆದ ನಿರ್ಮಾಣ ಕೆಲಸದಲ್ಲಿ ಯಂತ್ರವೊಂದು ಅದನ್ನು ಗೀರಿ ಹೋಗಿತ್ತು. ಗೀರಿದ ಜಾಗ ಸುಮ್ಮನೆ ಕಾದು ಕುಳಿತಿತ್ತು, ಒತ್ತಡ ಏರಿದ ದಿನ ಬಾಯಿ ತೆರೆಯಿತು. ನಮ್ಮಲ್ಲಿ ಪೈಪು ತರಚಿದರೆ ‘ಏನೂ ಆಗಿಲ್ಲ, ಮುಚ್ಚು ಮುಚ್ಚು’ ಎನ್ನುವ ಮೇಸ್ತ್ರಿಗಳಿಗೆ ಈ ಪಾಠ ಯಾರು ಹೇಳಬೇಕು?

ನೀರಿನ ಪೈಪು ಒಡೆದರೆ ನೀರು ಹೋಯಿತು ಅಷ್ಟೇ ಎಂದುಕೊಳ್ಳಬೇಡಿ. ನಮ್ಮಲ್ಲಿ ನೀರು ಬಿಡುವುದು ಸರದಿಯ ಮೇಲೆ. ಪೈಪು ಖಾಲಿ ಇರುವ ಹೊತ್ತಿನಲ್ಲಿ ಒಡಕಿನ ಮೂಲಕ ಚರಂಡಿ ನೀರು ಒಳಗೆ ಇಳಿಯುತ್ತದೆ. ಮರುದಿನ ಅದೇ ನಮ್ಮ ಮನೆಯ ಕೊಡಕ್ಕೆ ಬರುತ್ತದೆ. ವಾಂತಿ ಭೇದಿ ಬಂದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವ ತಾಯಿಗೆ ಯಾವ ಗುತ್ತಿಗೆದಾರನ ಬಕೆಟ್ ಎಲ್ಲಿ ತಾಗಿತ್ತು ಎಂದು ಹೇಗೆ ಗೊತ್ತಾಗಬೇಕು?

ಇನ್ನು ಫೈಬರ್. ವರ್ಷಕ್ಕೆ ಸುಮಾರು 10 ಲಕ್ಷ ಕಡೆ ಆಪ್ಟಿಕ್ ಫೈಬರ್ ತುಂಡಾಗುತ್ತದೆ, ಸುಮಾರು 3000 ಕೋಟಿ ರೂಪಾಯಿ ನಷ್ಟ. ಇದು ನಾನು ಹೇಳುವ ಲೆಕ್ಕವಲ್ಲ, 2023ರಲ್ಲಿ ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ಯಾರಪ್ಪನ ಮನೆಯ ಗಂಟು ಇದು?

ನಮ್ಮ ಪ್ರೆಸ್ಸಿನ ಮುಂದೆಯೇ ಒಬ್ಬ ಗುತ್ತಿಗೆದಾರ ಒಂದೇ ತಿಂಗಳಲ್ಲಿ ಎರಡು ಸಲ ಕೇಬಲ್ ಕತ್ತರಿಸಿದ. ಆಫ್‌ಸೆಟ್ ಮಷಿನ್ ನಡುಮಧ್ಯೆ ನಿಂತಿತು, ರೋಲರ್ ಮೇಲೆ ಶಾಯಿ ಒಣಗಿತು, ಹೇಳಿದ ದಿನಕ್ಕೆ ಕೆಲಸ ಕೊಡಲಾಗಲಿಲ್ಲ. ಕೇಳಲು ಹೋದರೆ ‘ನಮಗೇನು ಕನಸು ಬಿದ್ದಿತ್ತೇ ಇಲ್ಲಿ ಕೇಬಲ್ ಇದೆ ಎಂದು?’ ಅಂದ. ಎರಡನೇ ಸಲವೂ ಅದೇ ಉತ್ತರ! ಕನಸು ಬೀಳಬೇಕಾಗಿಲ್ಲ ಸ್ವಾಮಿ, ನೋಡುವ ವಿಧಾನ ಇದೆ. ನೋಡಿದರೆ ಅರ್ಧ ದಿನ ಹೋಗುತ್ತದೆ. ಅರ್ಧ ದಿನ ಎಂದರೆ ಜೆಸಿಬಿ ಬಾಡಿಗೆ. ಆ ಬಾಡಿಗೆ ಉಳಿಸಲು ಕೂಲಿಯವನ ಪ್ರಾಣ ಪಣಕ್ಕಿಡುತ್ತಾರೆ. ಇದನ್ನು ಅಪಘಾತ ಎಂದು ಕರೆಯುವುದು ಕನ್ನಡ ಭಾಷೆಗೇ ಮಾಡುವ ಅವಮಾನ.

ಅಗೆಯುವವನಿಗೆ ಮೂರು ಕಣ್ಣು ಬೇಕು

ನೆಲದಡಿ ಇರುವುದನ್ನು ಅಗೆಯದೇ ತಿಳಿಯುವುದು ಮಂತ್ರವೂ ಅಲ್ಲ, ರಾಕೆಟ್ ವಿದ್ಯೆಯೂ ಅಲ್ಲ. ಕ್ರಮ ಒಂದೇ. ಮೊದಲು ಕಾಗದ, ಆಮೇಲೆ ಯಂತ್ರ, ಕೊನೆಗೆ ಕೈ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಕೆಲಸ ಕುರುಡು.

ಮೊದಲನೆಯದು ಕಾಗದದ ಕಣ್ಣು. ಅಗೆಯುವ ಮೊದಲು ನೀರು, ಒಳಚರಂಡಿ, ಕರೆಂಟು, ಗ್ಯಾಸು, ಟೆಲಿಫೋನು ಎಲ್ಲರಿಂದಲೂ ನಕ್ಷೆ ತರಿಸಬೇಕು. ಅಮೆರಿಕದಲ್ಲಿ ಇದಕ್ಕೆ ದೇಶಕ್ಕೆಲ್ಲ ಒಂದೇ ನಂಬರ್, 811. 2007ರಿಂದ ನಡೆಯುತ್ತಿದೆ. ಮನೆ ಅಂಗಳದಲ್ಲಿ ಗಿಡ ನೆಡುವವನೂ ಮೊದಲು ಅದಕ್ಕೆ ಫೋನ್ ಮಾಡುತ್ತಾನೆ. ಕಂಪನಿಯವರು ಬಂದು ನೆಲದ ಮೇಲೆ ಬಣ್ಣದ ಗೆರೆ ಎಳೆಯುತ್ತಾರೆ. ಕೆಂಪು ಎಂದರೆ ಕರೆಂಟು, ಹಳದಿ ಎಂದರೆ ಗ್ಯಾಸು, ಕಿತ್ತಳೆ ಎಂದರೆ ಟೆಲಿಫೋನು, ನೀಲಿ ಎಂದರೆ ಕುಡಿಯುವ ನೀರು, ಹಸಿರು ಎಂದರೆ ಒಳಚರಂಡಿ.

ನಮ್ಮಲ್ಲಿ ಏನೂ ಇಲ್ಲವೇ? ಇದೆ! 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಅಗೆಯುವವನು ಮುಂಚಿತವಾಗಿ ನೋಟಿಸ್ ಕೊಡಬೇಕು ಎಂದಿತು. ಅದೇ ವರ್ಷ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆಯಾಯಿತು. ಅಗೆಯುವವನು ಜಾಗ ಗುರುತಿಸಿದರೆ ಅಲ್ಲಿ ಆಸ್ತಿ ಹೂತವರಿಗೆ ಸಂದೇಶ ಹೋಗುವ ಏರ್ಪಾಡು. ಒಳ್ಳೆಯದೇ. ಆದರೆ ಒಂದು ಮಾತು. ಆ್ಯಪ್ ಎಂಬುದು ಕೇಳುವ ಬಾಗಿಲು, ನೆಲ ಕಾಣಿಸುವ ಕನ್ನಡಿ ಅಲ್ಲ. ಹೂತವನು ತನ್ನ ಗೆರೆಯನ್ನು ಅದರಲ್ಲಿ ತುಂಬಿಸದಿದ್ದರೆ ಅದು ಏನನ್ನೂ ತೋರಿಸುವುದಿಲ್ಲ. ಕೈಯಲ್ಲಿ ನಕ್ಷೆ ಇದ್ದರೂ ಅದು ಸುಮಾರು ಜಾಗ ಹೇಳುತ್ತದೆ. ನಕ್ಷೆ ಬರೆದ ಕಾಲಕ್ಕೆ ಇದ್ದ ಕಾಂಪೌಂಡ್ ಗೋಡೆಯಿಂದ ಅಳತೆ ಹಾಕಿರುತ್ತಾರೆ, ಈಗ ಆ ಗೋಡೆಯೇ ಇರುವುದಿಲ್ಲ. ಮನೆಗೆ ಹೋಗುವ ಸಣ್ಣ ಸಂಪರ್ಕಗಳು ಹೆಚ್ಚಾಗಿ ನಕ್ಷೆಯಲ್ಲಿ ಇರುವುದೇ ಇಲ್ಲ.

ಆದ್ದರಿಂದ ಕಾಗದ ಹಿಡಿದು ಜಾಗ ಸುತ್ತಬೇಕು. ಮ್ಯಾನ್‌ಹೋಲ್ ಮುಚ್ಚಳ, ಬೀದಿ ದೀಪದ ಕಂಬ, ಬೆಸ್ಕಾಂನ ಪೆಟ್ಟಿಗೆ, ಗ್ಯಾಸ್ ವಾಲ್ವ್, ಮನೆಗಳ ಮೀಟರ್, ಹಳೆಯ ಟಾರಿನ ನಡುವೆ ಹೊಸ ಟಾರಿನ ಉದ್ದನೆಯ ತೇಪೆ. ಈ ತೇಪೆ ಏನು ಹೇಳುತ್ತದೆ? ‘ನನ್ನನ್ನು ಇತ್ತೀಚೆಗೆ ಅಗೆದಿದ್ದಾರೆ, ಒಳಗೆ ಏನೋ ಇಟ್ಟಿದ್ದಾರೆ’ ಎನ್ನುತ್ತದೆ. ಇದನ್ನು ಓದಲು ಡಿಗ್ರಿ ಬೇಡ, ಕಣ್ಣಿದ್ದರೆ ಸಾಕು.

ಎರಡನೆಯದು ಯಂತ್ರದ ಕಣ್ಣು. ಕೇಬಲ್ ಲೊಕೇಟರ್ ಎಂಬ ಯಂತ್ರ ಇದೆ. ಕೈಯಲ್ಲಿ ಹಿಡಿದು ನಡೆಯುವ ಉದ್ದನೆಯ ಚಪ್ಪಟೆ ಕೋಲು. ಒಂದು ಜೆಸಿಬಿಯ ಬೆಲೆಯ ಮುಂದೆ ಇದರ ಬೆಲೆ ಚಿಕ್ಕದು. ಇದು ಮೂರು ರೀತಿಯಲ್ಲಿ ಕೆಲಸ ಮಾಡುತ್ತದೆ. ಪವರ್ ಮೋಡ್‌ನಲ್ಲಿ ಇಟ್ಟರೆ ಕೇಬಲ್‌ನಲ್ಲಿ ಹರಿಯುವ 50 ಹರ್ಟ್ಸ್ ಕರೆಂಟಿನ ಕಾಂತಕ್ಷೇತ್ರವನ್ನು ಹಿಡಿಯುತ್ತದೆ. ರೇಡಿಯೋ ಮೋಡ್‌ನಲ್ಲಿ ಇಟ್ಟರೆ ದೂರದ ಪ್ರಸಾರ ಕೇಂದ್ರಗಳ ಅಲೆಗಳನ್ನು ಉದ್ದನೆಯ ಲೋಹದ ಪೈಪು, ತಂತಿಗಳು ಹೀರಿ ಮತ್ತೆ ಹೊರಸೂಸುವುದನ್ನು ಹಿಡಿಯುತ್ತದೆ. ಮೂರನೆಯದಕ್ಕೆ ಜೊತೆಗೊಂದು ಸಿಗ್ನಲ್ ಜನರೇಟರ್ ಪೆಟ್ಟಿಗೆ ಬೇಕು. ಅದು 33 ಕಿಲೋಹರ್ಟ್ಸ್‌ನಂಥ ಒಂದು ಸಂಕೇತವನ್ನು ಪೈಪಿಗೋ ಕೇಬಲ್‌ಗೋ ಹಾಯಿಸುತ್ತದೆ. ಕೋಲು ಅದನ್ನು ನೆಲದ ಮೇಲಿಂದಲೇ ಬೆನ್ನಟ್ಟುತ್ತದೆ. ಆಳ ಎಷ್ಟು ಎಂಬ ಅಂದಾಜೂ ಸಿಗುತ್ತದೆ.

ಇಲ್ಲಿಯೇ ನಮ್ಮವರು ಎಡವುವುದು. ಮಷಿನ್ ತಂದರೂ ಪವರ್ ಮೋಡ್ ಒಂದನ್ನೇ ಹಾಕಿ ಎರಡು ಹೆಜ್ಜೆ ನಡೆದು ‘ಏನೂ ಇಲ್ಲ’ ಎಂದುಬಿಡುತ್ತಾರೆ. ಯೋಚಿಸಿ ನೋಡಿ. ಬೀದಿ ದೀಪದ ಕೇಬಲ್‌ನಲ್ಲಿ ಹಗಲು ಹೊತ್ತು ಕರೆಂಟು ಹರಿಯುವುದಿಲ್ಲ. ಹರಿಯದ ಕರೆಂಟಿಗೆ ಕಾಂತಕ್ಷೇತ್ರ ಎಲ್ಲಿಂದ ಬಂತು? ಯಂತ್ರ ಸುಮ್ಮನಿರುತ್ತದೆ. ಕೇಬಲ್ ಮಾತ್ರ ಅಲ್ಲೇ ಇರುತ್ತದೆ. ಮೂರು ಫೇಸ್ ಸಮನಾಗಿ ಹಂಚಿಹೋದ ಕೇಬಲ್‌ನಲ್ಲಿ ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸಿ, ದೊಡ್ಡ ಕೇಬಲ್ ಕೂಡ ಕಾಣದೆ ಹೋಗಬಹುದು. ಆದ್ದರಿಂದ ಮೂರು ಮೋಡ್‌ಗಳಲ್ಲೂ ನೋಡಬೇಕು. ಉದ್ದಕ್ಕೂ ನಡೆಯಬೇಕು, ಅಡ್ಡಕ್ಕೂ ನಡೆಯಬೇಕು. ಅಗೆಯುವ ಗೆರೆಯಿಂದ ಆಚೆಗೂ ಕೆಲವು ಮೀಟರ್ ನೋಡಬೇಕು. ಕೋಲನ್ನು ನೆಲಕ್ಕೆ ಹತ್ತಿರ, ನೇರವಾಗಿ ಹಿಡಿಯಬೇಕು, ಕಸ ಗುಡಿಸಿದ ಹಾಗೆ ಬೀಸಬಾರದು. ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು, ಗೊತ್ತಿರುವ ಒಂದು ಕೇಬಲ್ ಮೇಲೆ ಹಿಡಿದು ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಬೇಕು.

ಇಷ್ಟಾದರೂ ಈ ಯಂತ್ರಕ್ಕೆ ಪ್ಲಾಸ್ಟಿಕ್ ಕಾಣುವುದಿಲ್ಲ! ಮನೆಗಳಿಗೆ ಬರುವ ಗ್ಯಾಸ್ ಪೈಪು ಪ್ಲಾಸ್ಟಿಕ್, ಹೊಸ ನೀರಿನ ಪೈಪು ಬಹಳಷ್ಟು ಪ್ಲಾಸ್ಟಿಕ್, ಲೋಹವಿಲ್ಲದ ಫೈಬರ್ ಗಾಜು. ಇವುಗಳ ಜೊತೆ ಪತ್ತೆ ತಂತಿ ಹಾಕಿದ್ದರೆ ಸಿಗುತ್ತದೆ. ಖಾಲಿ ಕೊಳವೆಯಾದರೆ ಒಳಗೆ ಸಂಕೇತ ಹೊರಡಿಸುವ ಸೋಂಡ್ ತೂರಿಸಿ ಹುಡುಕಬಹುದು. ಇಲ್ಲದಿದ್ದರೆ ನೆಲದೊಳಗೆ ನೋಡುವ ರೇಡಾರ್ ಬೇಕು. ಅದಕ್ಕೂ ಜೇಡಿಮಣ್ಣು, ಮಳೆಗೆ ನೆನೆದ ಮಣ್ಣು ಅಂದರೆ ಕಣ್ಣು ಮಂಜಾಗುತ್ತದೆ. ಸಿಕ್ಕಿದ್ದನ್ನು ಅಳಿಸಿಹೋಗದ ಬಣ್ಣದಲ್ಲಿ ನೆಲದ ಮೇಲೆ ಗುರುತು ಮಾಡಬೇಕು. ಗೂಟ ಬೇಕಾದರೆ ಮರದ್ದು ಹೊಡೆಯಿರಿ. ಕಬ್ಬಿಣದ ಸಲಾಕೆ ಹೊಡೆದರೆ ಅದೇ ಕೇಬಲ್‌ಗೆ ಇಳಿದೀತು!

ಮೂರನೆಯದು ಕೈಯ ಕಣ್ಣು. ಕಾಗದ ಸುಳ್ಳು ಹೇಳಬಹುದು, ಯಂತ್ರ ತಪ್ಪಿಸಿಕೊಳ್ಳಬಹುದು. ಆದ್ದರಿಂದ ಗುರುತಿನ ಪಕ್ಕದಲ್ಲಿ ಮೊದಲು ಕೈಯಿಂದ ಪರೀಕ್ಷಾ ಗುಂಡಿ ತೋಡಬೇಕು. ನೇರ ಮೇಲಿನಿಂದ ಅಲ್ಲ, ಪಕ್ಕದಿಂದ ಮೆಲ್ಲಗೆ. ಪಿಕಾಸಿ ಬೇಡ, ಹಾರೆ ಬೇಡ. ಅವು ಇಡೀ ಬಲವನ್ನು ಒಂದು ಚೂಪಿಗೆ ತರುತ್ತವೆ. ದುಂಡು ಅಂಚಿನ ಸಲಿಕೆ, ಅದರ ಹಿಡಿಗೆ ಕರೆಂಟು ಹಾಯದ ಹೊದಿಕೆ ಇರಬೇಕು. ಬ್ರಿಟನ್ನಿನ ಸುರಕ್ಷತಾ ಕೈಪಿಡಿಯ ಪ್ರಕಾರ ಗುರುತಿಸಿದ ಕೇಬಲ್‌ನ ಅರ್ಧ ಮೀಟರ್ ಆಸುಪಾಸಿನಲ್ಲಿ ಯಂತ್ರದ ಅಗೆತ ಕೂಡದು. ಸಿಕ್ಕ ಕೇಬಲ್ ಸತ್ತಿದೆ ಎಂದು ಮೇಸ್ತ್ರಿ ಹೇಳಿದರೆ ನಂಬಬಾರದು. ಅದರ ಯಜಮಾನ ಬಂದು ಪರೀಕ್ಷಿಸಿ ಹೇಳುವ ತನಕ ಅದು ಬದುಕಿದೆ ಎಂದೇ ತಿಳಿಯಬೇಕು.

ರಸ್ತೆ ಅಗೆಯದೆ ಅಡ್ಡಕ್ಕೆ ಕೊರೆದು ಫೈಬರ್ ಎಳೆಯುವ ಯಂತ್ರ ಬಂದಿದೆ. ಅಗೆತವೇ ಇಲ್ಲ ಎಂದು ಹೆಮ್ಮೆ ಪಡುತ್ತಾರೆ. ಆದರೆ ಆ ಕೊರೆಯುವ ಮೂತಿ ಒಳಗೆ ಯಾವ ಪೈಪಿನ ಹೊಟ್ಟೆ ಸೀಳಿತು ಎಂದು ಮೇಲೆ ನಿಂತವನಿಗೆ ಕಾಣುವುದೇ? ಬೇರೆ ಗೆರೆಗಳನ್ನು ದಾಟುವ ಪ್ರತಿ ಕಡೆಯಲ್ಲೂ ಗುಂಡಿ ತೋಡಿ ಕಣ್ಣಾರೆ ನೋಡದೆ ಕೊರೆಯುವುದು ಕಣ್ಣಿಗೆ ಬಟ್ಟೆ ಕಟ್ಟಿ ಬಾಣ ಬಿಟ್ಟ ಹಾಗೆ.

ನೆಪಗಳ ಸಂತೆ

ಕೇಳಿದರೆ ಏನನ್ನುತ್ತಾರೆ? ‘ನಕ್ಷೆ ಸಿಗುವುದಿಲ್ಲ.’ ಸಿಗದಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕಲ್ಲವೇ? ಕತ್ತಲೆಯಲ್ಲಿ ದೀಪ ಇಲ್ಲ ಎಂದು ಯಾರಾದರೂ ಓಡುತ್ತಾರೆಯೇ? ‘ಟೆಂಡರಿನಲ್ಲಿ ಅದಕ್ಕೆ ದುಡ್ಡು ಇಟ್ಟಿಲ್ಲ.’ ಹಾಗಾದರೆ ಟೆಂಡರ್ ಬರೆದವರ ಕೊರಳಪಟ್ಟಿ ಹಿಡಿಯೋಣ. ಕಾಯಿ, ಹೂವು, ಶಾಮಿಯಾನಕ್ಕೆ ದುಡ್ಡು ಬರುವ ಕಡೆ ಒಂದು ಯಂತ್ರದ ಬಾಡಿಗೆಗೆ ಬರುವುದಿಲ್ಲವೇ? ‘ಕೆಲಸ ಬೇಗ ಮುಗಿಯಬೇಕು.’ ಅಹಾ! ತಿಂಗಳುಗಟ್ಟಲೆ ಗುಂಡಿ ಬಾಯಿ ತೆರೆದು ಬಿದ್ದಿರುವಾಗ ಇಲ್ಲದ ಅವಸರ, ಅಗೆಯುವ ಮುನ್ನ ಅರ್ಧ ದಿನಕ್ಕೆ ಬರುತ್ತದೆಯೇ?

ಸಾಧ್ಯವಿಲ್ಲ ಎಂದು ಯಾರೂ ಹೇಳಕೂಡದು. ಇದೇ ಬೆಂಗಳೂರಿನಲ್ಲಿ ರೆಸಿಡೆನ್ಸಿ ರಸ್ತೆ, ವಿಠಲ ಮಲ್ಯ ರಸ್ತೆಗಳನ್ನು ಟೆಂಡರ್ ಶೂರ್ ಯೋಜನೆಯಲ್ಲಿ ಕಟ್ಟಿದಾಗ ಕೇಬಲ್, ಪೈಪುಗಳಿಗೆ ಫುಟ್‌ಪಾತಿನಡಿ ಬೇರೆ ಬೇರೆ ಕೊಳವೆ ದಾರಿ ಮಾಡಿದರು. ದೊಡ್ಡವರ ಕಾರು ಓಡುವ ರಸ್ತೆಗೆ ಆದದ್ದು ಕಾಮಾಕ್ಷಿಪಾಳ್ಯಕ್ಕೆ, ಲಗ್ಗೆರೆಗೆ ಯಾಕೆ ಆಗಬಾರದು?

ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ?

ಈಗ ನಮ್ಮ ಪತ್ರಿಕೆಯ ಓದುಗರಿಗೆ ನಾಟಬೇಕಾದ ಮಾತು. ಕೇಬಲ್ ಹೂಳುವಾಗ ಅದರ ಮೇಲೆ ಒಂದಿಷ್ಟು ಎತ್ತರದಲ್ಲಿ ಬಣ್ಣದ ಎಚ್ಚರಿಕೆ ಪಟ್ಟಿ ಹಾಸುತ್ತಾರೆ. ಅಗೆಯುವವನಿಗೆ ಮೊದಲು ಆ ಪಟ್ಟಿ ಸಿಗಬೇಕು, ಅದನ್ನು ನೋಡಿ ಕೈ ನಿಲ್ಲಿಸಬೇಕು. ಅದು ಅವನ ಕೊನೆಯ ರಕ್ಷಣೆ. ಆ ಪಟ್ಟಿಯ ಮೇಲೆ ಏನು ಬರೆದಿರುತ್ತದೆ? ನಾನು ಕಂಡ ಪಟ್ಟಿಗಳ ಮೇಲೆ ಇದ್ದದ್ದು ಇಂಗ್ಲಿಷು. ಒಂದೊಂದರ ಮೇಲೆ ಜೊತೆಗೆ ಹಿಂದಿ. ರಾಯಚೂರು, ಯಾದಗಿರಿಯಿಂದ ಗುಳೆ ಬಂದು ಗುದ್ದಲಿ ಹಿಡಿದ ನಮ್ಮ ಅಣ್ಣನಿಗೆ ಅದು ಬರೀ ಬಣ್ಣದ ಪ್ಲಾಸ್ಟಿಕ್. ಕಿತ್ತು ಪಕ್ಕಕ್ಕೆ ಎಸೆಯುತ್ತಾನೆ. ಮುಂದಿನ ಏಟು ಕೇಬಲ್ ಮೇಲೆ!

ಒಮ್ಮೆ ನನ್ನ ಪ್ರೆಸ್ಸಿಗೆ ಒಬ್ಬ ಗುತ್ತಿಗೆದಾರರು ಎಚ್ಚರಿಕೆ ಸ್ಟಿಕ್ಕರ್ ಮಾಡಿಸಲು ಬಂದರು. ಇಂಗ್ಲಿಷ್ ಮ್ಯಾಟರ್ ಕೊಟ್ಟರು. ಕನ್ನಡದಲ್ಲೂ ಒಂದು ಸಾಲು ಹಾಕುತ್ತೇನೆ, ಒಂದು ರೂಪಾಯಿಯೂ ಹೆಚ್ಚು ಬೇಡ ಎಂದೆ. ‘ಬೇಡ ಬೇಡ, ಸ್ಪೆಸಿಫಿಕೇಶನ್‌ನಲ್ಲಿ ಇಲ್ಲ, ಬಿಲ್ ಪಾಸಾಗಲ್ಲ’ ಅಂದರು. ಕೇಳಿದಿರಾ? ಎಚ್ಚರಿಕೆ ಬರೆಯುವುದು ಅಗೆಯುವವನು ಓದಲಿ ಎಂದಲ್ಲ, ಬಿಲ್ ಪಾಸು ಮಾಡುವವನು ಓದಲಿ ಎಂದು!

ನಾನು ಕೇಳುವುದು ಕನ್ನಡವನ್ನು ಅಲಂಕಾರಕ್ಕೆ ಹಾಕಿ ಎಂದಲ್ಲ. ಈ ಮಣ್ಣಿನಲ್ಲಿ ಹೂಳುವ ಪ್ರತಿ ಪಟ್ಟಿ, ಪ್ರತಿ ಗುರುತು ಕಲ್ಲು, ಪ್ರತಿ ಫಲಕದ ಮೇಲೆ ‘ಕೆಳಗೆ ಕರೆಂಟ್ ಕೇಬಲ್ ಇದೆ, ಅಗೆಯಬೇಡಿ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಇರಲಿ. ಅಕ್ಷರವೇ ಬಾರದವನಿಗೆ, ಬೇರೆ ನಾಡಿನಿಂದ ಬಂದ ಕೂಲಿಯವನಿಗೆ ಮಿಂಚಿನ ಚಿತ್ರ, ಬೆಂಕಿಯ ಚಿತ್ರ ಇರಲಿ. ಬೆಳಿಗ್ಗೆ ಕೆಲಸಕ್ಕೆ ಮೊದಲು ಅವನಿಗೆ ಗೊತ್ತಿರುವ ಮಾತಿನಲ್ಲಿ ಐದು ನಿಮಿಷ ಹೇಳಲಿ. ಅವನು ಬಿಹಾರದವನೇ ಇರಲಿ, ಬಂಗಾಳದವನೇ ಇರಲಿ, ನಮ್ಮ ಊರಿನ ಗುಂಡಿಯಲ್ಲಿ ಅವನು ಬೇಯಬಾರದು. ಭಾಷೆಗಾಗಿ ಹೋರಾಡುವವನಿಗೆ ಈ ಮನುಷ್ಯತ್ವ ಇಲ್ಲದಿದ್ದರೆ ಆ ಹೋರಾಟಕ್ಕೆ ಬೆಂಕಿ ಬೀಳಲಿ.

ನೀವೇನು ಮಾಡುತ್ತೀರಿ?

ಯುವಕರೇ, ಯುವತಿಯರೇ, ಮೊಬೈಲ್ ಹಿಡಿದು ವಿಡಿಯೋ ಮಾಡಿ ಬೈದರೆ ಸಾಲದು. ನಿಮ್ಮ ಬೀದಿಯಲ್ಲಿ ಅಗೆತ ಶುರುವಾದ ದಿನ ನಾಲ್ಕು ಜನ ಹೋಗಿ. ಕೂಲಿಯವನ ಮೇಲೆ ರೇಗಬೇಡಿ, ಅವನು ಹೇಳಿದಲ್ಲಿ ಅಗೆಯುವವನು. ಎಂಜಿನಿಯರನ್ನು, ಸೂಪರ್‌ವೈಸರನ್ನು ಕೇಳಿ. ರಸ್ತೆ ಅಗೆಯಲು ಅನುಮತಿ ಎಲ್ಲಿ? ನೀರು, ಕರೆಂಟು, ಗ್ಯಾಸಿನ ನಕ್ಷೆ ಎಲ್ಲಿ? ಲೊಕೇಟರ್ ಹಿಡಿದು ನೋಡಿದವರು ಯಾರು, ಯಾವಾಗ? ನೆಲದ ಮೇಲೆ ಬಣ್ಣದ ಗುರುತು ಎಲ್ಲಿ? ಪರೀಕ್ಷಾ ಗುಂಡಿ ಎಲ್ಲಿ? ಐದೇ ಪ್ರಶ್ನೆ, ಕನ್ನಡದಲ್ಲೇ ಕೇಳಿ. ಉತ್ತರ ಇಲ್ಲದಿದ್ದರೆ ಪಾಲಿಕೆಗೆ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಕಾಗದಕ್ಕೆ ಮೊಹರು ಬಿದ್ದರೆ ಅಧಿಕಾರಿಯ ನಿದ್ದೆ ಹೋಗುತ್ತದೆ.

ಅಕಸ್ಮಾತ್ ಪೆಟ್ಟು ಬಿದ್ದೇಬಿಟ್ಟರೆ ಇದನ್ನು ನೆನಪಿಡಿ. ಕೇಬಲ್‌ಗೆ ತಾಗಿದರೆ ಎಲ್ಲರೂ ದೂರ ಸರಿಯಬೇಕು. ಕರೆಂಟು ಹೋಯಿತು ಎಂದು ಮತ್ತೆ ಹತ್ತಿರ ಹೋಗಬಾರದು, ಯಾವ ಕ್ಷಣದಲ್ಲಾದರೂ ಲೈನ್ ಮತ್ತೆ ಚಾಲೂ ಆದೀತು. ಜೆಸಿಬಿಯ ಬಕೆಟ್ ತಾಗಿದ್ದರೆ ಡ್ರೈವರ್ ಒಳಗೇ ಕೂರಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ, ಎರಡೂ ಕಾಲು ಜೋಡಿಸಿ ದೂರಕ್ಕೆ ಹಾರಬೇಕು. ಬೆಸ್ಕಾಂ ನಂಬರ್ 1912. ಗ್ಯಾಸ್ ಸೋರಿದರೆ ಎಂಜಿನ್ ಆರಿಸಿ, ಬೀಡಿ ಆರಿಸಿ, ಮೊಬೈಲನ್ನು ದೂರ ಹೋದ ಮೇಲೆ ತೆಗೆಯಿರಿ. ಗಾಳಿ ಬರುವ ದಿಕ್ಕಿನ ಕಡೆಗೆ ಜನರನ್ನು ಸರಿಸಿ. ಬಟ್ಟೆ ತುರುಕಿ ಮುಚ್ಚಲು ಹೋಗಬೇಡಿ. ಸೋರಿದ ಗ್ಯಾಸು ಮಣ್ಣಿನೊಳಗೆ, ಚರಂಡಿಯೊಳಗೆ ನುಸುಳಿ ಪಕ್ಕದ ಮನೆಗೂ ಹೋದೀತು, ಅವರನ್ನೂ ಎಬ್ಬಿಸಿ. 112ಕ್ಕೆ ಹೇಳಿ, ಗ್ಯಾಸ್ ಕಂಪನಿಯ ಗುರುತು ಫಲಕದ ಮೇಲಿನ ನಂಬರಿಗೂ ಹೇಳಿ. ನೀರಿನ ಪೈಪಾದರೆ ಜಲಮಂಡಳಿ 1916. ಬರೀ ಗೀರು ಬಿದ್ದಿದ್ದರೂ ಹೇಳಿ, ಮುಚ್ಚಲು ಬಿಡಬೇಡಿ. ಮುಚ್ಚಿದ ಗೀರು ಮುಂದೊಂದು ದಿನ ಯಾರದೋ ಮನೆ ಬಾಗಿಲಲ್ಲಿ ಸಿಡಿಯುತ್ತದೆ.

ನೆಲ, ಜಲ, ನುಡಿ ಎಂದು ನಾವು ಬಾವುಟ ಹಿಡಿದು ಕೂಗುತ್ತೇವೆ. ಒಂದು ಅಗೆದ ಗುಂಡಿಯ ಅಂಚಿನಲ್ಲಿ ನಿಂತು ನೋಡಿ, ಮೂರೂ ಅಲ್ಲೇ ಇವೆ. ಕಂಡ ಕಂಡಲ್ಲಿ ಸೀಳಿದ ನಮ್ಮ ನೆಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಕಡೆ ಪಂಪು ಮಾಡಿ ಎತ್ತಿ ತಂದ, ಮಂಡ್ಯದ ರೈತನ ಎದುರು ನಾವು ತಲೆ ತಗ್ಗಿಸಿ ಕುಡಿಯುವ ಕಾವೇರಿ, ಒಡೆದ ಪೈಪಿನಿಂದ ಮೋರಿಗೆ. ಅಗೆಯುವವನಿಗೆ ಅರ್ಥವಾಗದ ಎಚ್ಚರಿಕೆಯಲ್ಲಿ ಸತ್ತು ಬಿದ್ದ ನಮ್ಮ ನುಡಿ. ಇದಕ್ಕಿಂತ ದೊಡ್ಡ ಹೋರಾಟದ ಜಾಗ ನಿಮಗೆ ಎಲ್ಲಿ ಬೇಕು?

ಮುಂದಿನ ಗುದ್ದಲಿ ಪೂಜೆಗೆ ಆಹ್ವಾನ ಪತ್ರಿಕೆ ಬಂದರೆ ತಪ್ಪದೆ ಹೋಗಿ. ಕಾಯಿ ಒಡೆಯುವ ಮೊದಲು ಕೈ ಎತ್ತಿ ಕೇಳಿ.

ಸ್ವಾಮಿ, ಕೆಳಗೆ ಏನಿದೆ? ನೋಡಿದ್ದೀರಾ?

ನೋಡಿಲ್ಲವಾದರೆ ಗುದ್ದಲಿ ಕೆಳಗಿಡಿ!